ಮಣ್ಣಿನಿಂದ ಮಂಜಿನವರೆಗೆ: ಮಲೆನಾಡಿನ ಮಿಶ್ರ ಮಾಧ್ಯಮ ಚಿತ್ರಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ತೀರ್ಥಹಳ್ಳಿ ಸಮೀಪದ ನಮ್ಮ ಮನೆಯ ಜಗಲಿಯಲ್ಲಿ ಭಾನುವಾರಗಳಂದು ಚಿತ್ರ ಕಲಿಯಲು ಬರುವವರು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಫೋನಿನಲ್ಲಿ ಕೇಳುವವರೂ ಹೆಚ್ಚುಕಡಿಮೆ ಇವನ್ನೇ ಕೇಳುತ್ತಾರೆ. ಕೆಲವಕ್ಕೆ ಒಂದೇ ಮಾತಿನ ಉತ್ತರ ಸಾಕು. ಮಣ್ಣು, ಮಂಜು, ಮಳೆಗಾಲದ ಬೂಷ್ಟು ಇವುಗಳ ವಿಷಯವನ್ನು ಮಾತ್ರ ಕುಳಿತು ವಿವರವಾಗಿ ಹೇಳಲೇಬೇಕು.

ಮಿಶ್ರ ಮಾಧ್ಯಮ ಎಂದರೇನು? ಕೊಲಾಜ್ ಎಂದರೂ ಅದೇ ತಾನೇ?

ಒಂದೇ ಚಿತ್ರದಲ್ಲಿ ಬಣ್ಣ, ಕಾಗದ, ಬಟ್ಟೆ, ಮಣ್ಣು, ನಾರು, ಶಾಯಿ ಹೀಗೆ ಒಂದಕ್ಕಿಂತ ಹೆಚ್ಚು ಸಾಮಗ್ರಿ ಸೇರಿದರೆ ಅದು ಮಿಶ್ರ ಮಾಧ್ಯಮ. ಕೊಲಾಜ್ ಎಂದರೆ ತುಂಡುಗಳನ್ನು ಅಂಟಿಸಿ ಚಿತ್ರ ಮಾಡುವುದು. ಅದು ಇದರ ಒಂದು ಭಾಗ. ನಾನು ಇಲ್ಲಿ ಹೇಳುತ್ತಿರುವುದು ಪದರಗಳ ಕೆಲಸದ ಬಗ್ಗೆ. ಒಂದರ ಮೇಲೊಂದು ಹಾಕುತ್ತಾ ಹೋಗಬೇಕು, ಕೆಳಗಿನದನ್ನು ಅಲ್ಲಲ್ಲಿ ಉಳಿಸಿಕೊಳ್ಳಬೇಕು.

ಮಲೆನಾಡನ್ನು ಬಿಡಿಸಲು ಪದರಗಳೇ ಏಕೆ? ಜಲವರ್ಣ ಸಾಲದೇ?

ಜಲವರ್ಣದಲ್ಲಿ ಬಹಳ ಚೆನ್ನಾಗಿ ಬಿಡಿಸುವವರು ನಮ್ಮಲ್ಲಿದ್ದಾರೆ. ನನಗೆ ಮಾತ್ರ ಈ ದಾರಿ ತೋರಿಸಿದ್ದು ರಸ್ತೆಬದಿಯ ದರೆ. ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವಾಗ ಗುಡ್ಡ ಕಡಿದು ರಸ್ತೆ ಮಾಡಿದ ಕಡೆ ಐದು ನಿಮಿಷ ನಿಂತು ನೋಡಿ. ಮೇಲೆ ದರಗು (ಉದುರಿದ ಒಣ ಎಲೆ), ಅದರಡಿ ಗೇಣುದ್ದ ಕಪ್ಪು ಮಣ್ಣು, ಅದರಿಂದ ಹೊರಗೆ ಜೋತುಬಿದ್ದ ಬೇರುಗಳು, ಕೆಳಗೆ ಕೆಮ್ಮಣ್ಣು, ಇನ್ನೂ ಕೆಳಗೆ ತೂತು ತೂತಾದ ಜಂಬಿಟ್ಟಿಗೆ. ಜೂನ್ ತಿಂಗಳು ಕಳೆಯುವಷ್ಟರಲ್ಲಿ ಈ ಕೆಂಪಿನ ಮೇಲೆ ಪಾಚಿ ಹಬ್ಬುತ್ತದೆ, ಪಾಚಿಯ ನಡುವೆ ಜರಿಗಿಡ ತಲೆ ಎತ್ತುತ್ತದೆ, ಎಲ್ಲದರ ಮೇಲೆ ನೀರು ಜಿನುಗುತ್ತದೆ. ಅಷ್ಟಾದರೂ ಹಸಿರಿನ ಸಂದಿಯಿಂದ ಕೆಂಪು ಇಣುಕುತ್ತಲೇ ಇರುತ್ತದೆ. ಬಿಳಿ ಹಾಳೆಯ ಮೇಲೆ ನೇರವಾಗಿ ಹಸಿರು ಬಳಿದರೆ ಆ ಇಣುಕುವಿಕೆ ಬರುವುದಿಲ್ಲ. ಅಡಿಯಲ್ಲಿ ನಿಜವಾಗಿಯೂ ಕೆಂಪು ಇರಬೇಕು.

ಯಾವ ಪದರ ಮೊದಲು, ಯಾವುದು ಕೊನೆಗೆ?

ದರೆಯನ್ನು ಕೆಳಗಿನಿಂದ ಮೇಲಕ್ಕೆ ಓದಿದ ಕ್ರಮದಲ್ಲೇ ಹೋಗಿ. ಮೊದಲು ಮಣ್ಣು. ಆಮೇಲೆ ಕಲ್ಲು, ಬೇರುಗಳ ಒರಟುತನ. ಇದಕ್ಕೆ ಗೋಣಿನಾರು, ಸುಕ್ಕುಗಟ್ಟಿಸಿದ ಕಾಗದ, ಮರಳು ಬೆರೆಸಿದ ಅಂಟು ಆಗುತ್ತದೆ. ಮೂರನೆಯದು ಮನುಷ್ಯರ ಗುರುತುಗಳು: ಗದ್ದೆಯಂಚು, ಬೇಲಿ, ಹೆಂಚಿನ ಮಾಡು, ಅಕ್ಷರವಿರುವ ಕಾಗದದ ಚೂರು. ನಾಲ್ಕನೆಯದು ಹಸಿರು. ಎಲ್ಲಕ್ಕೂ ಕೊನೆಗೆ ಮಂಜು ಅಥವಾ ಮಳೆ. ಕಲಿಯಲು ಬರುವವರಲ್ಲಿ ಬಹಳಷ್ಟು ಮಂದಿ ಆಕಾಶದಿಂದ ಶುರು ಮಾಡುತ್ತಾರೆ. ಶಾಲೆಯಲ್ಲಿ ಹಾಗೆ ರೂಢಿಯಾಗಿರುತ್ತದೆ. ನಮ್ಮ ಕಡೆ ಆಕಾಶ ಎಷ್ಟೋ ದಿನ ಕಾಣುವುದೇ ಇಲ್ಲವಲ್ಲ, ಅದನ್ನು ಮಂಜಿನ ಜೊತೆಗೇ ಕೊನೆಯಲ್ಲಿ ತಂದರೆ ಸಾಕು.

ಒಂದು ಲೆಕ್ಕವನ್ನು ಮಾತ್ರ ನಾನು ಬಿಡುವುದಿಲ್ಲ. ಪ್ರತಿ ಪದರವೂ ಹಿಂದಿನದಕ್ಕಿಂತ ಕಡಿಮೆ ಜಾಗ ಹಿಡಿಯಬೇಕು. ಮಣ್ಣು ಇಡೀ ಹಲಗೆಯನ್ನು ತುಂಬಲಿ, ಒರಟು ಮುಕ್ಕಾಲು ಭಾಗ, ಗುರುತುಗಳು ಅರ್ಧ, ಹಸಿರು ಮೂರನೇ ಒಂದು ಭಾಗ. ಮಂಜು ಎಲ್ಲಿ ಬೇಕಾದರೂ ಹರಡಬಹುದು, ಅದರಾಚೆ ಕಾಣುತ್ತದೆ. ಈ ಲೆಕ್ಕ ತಪ್ಪಿದಾಗಲೇ ಚಿತ್ರ ಉಸಿರು ಕಟ್ಟಿದಂತಾಗುತ್ತದೆ.

ಯಾವುದರ ಮೇಲೆ ಕೆಲಸ ಮಾಡಬೇಕು?

ಆರು ಮಿಲಿಮೀಟರಿನ ನೀರು ತಡೆಯುವ ಪ್ಲೈವುಡ್. ಶುರುವಿಗೆ ಎ3 ಅಳತೆ ಸಾಕು. ಕಾಗದ ಇಷ್ಟು ಭಾರ ತಡೆಯುವುದಿಲ್ಲ, ಎಂ.ಡಿ.ಎಫ್. (ಮರದ ನಾರು ಒತ್ತಿ ಮಾಡಿದ ಹಲಗೆ) ನಮ್ಮ ಹವೆಗೆ ಅಂಚಿನಲ್ಲಿ ಊದಿಕೊಳ್ಳುತ್ತದೆ. ಹಲಗೆಯ ಎರಡೂ ಬದಿಗೆ ಮತ್ತು ನಾಲ್ಕೂ ಅಂಚಿಗೆ ಜೆಸ್ಸೊ (ಬಣ್ಣಕ್ಕೂ ಮೊದಲು ಹಚ್ಚುವ ಬಿಳಿ ಲೇಪ) ಬಳಿಯಿರಿ. ಒಂದೇ ಬದಿಗೆ ಬಳಿದರೆ ಹಲಗೆ ಬಾಗುತ್ತದೆ.

ನಮ್ಮ ಅಂಗಳದ ಕೆಮ್ಮಣ್ಣನ್ನೇ ಬಣ್ಣವಾಗಿ ಬಳಸಬಹುದೇ?

ಖಂಡಿತ ಬಳಸಬಹುದು. ಅದರ ಕೆಂಪಿಗೆ ಕಾರಣ ಕಬ್ಬಿಣದ ಆಕ್ಸೈಡ್. ಬಿಸಿಲಿಗೆ ಮಾಸದ ಬಣ್ಣಗಳಲ್ಲಿ ಅದೂ ಒಂದು. ಹೂವಿನ ಬಣ್ಣ ವರ್ಷದಲ್ಲಿ ಹೋಗುತ್ತದೆ, ಮಣ್ಣಿನ ಬಣ್ಣ ನಮ್ಮ ನಂತರವೂ ಇರುತ್ತದೆ.

ಮಣ್ಣನ್ನು ತೊಳೆಯದೆ ಬಳಸಬೇಡಿ. ಅರ್ಧ ಬಕೆಟ್ ನೀರಿಗೆ ಎರಡು ಬೊಗಸೆ ಮಣ್ಣು ಹಾಕಿ ರಾತ್ರಿಯಿಡೀ ನೆನೆಸಿ. ಬೆಳಗ್ಗೆ ಕೈಯಿಂದ ಚೆನ್ನಾಗಿ ಕಲಕಿ, ನೂರು ಎಣಿಸುವವರೆಗೆ ಕಾಯಿರಿ. ಅಷ್ಟರಲ್ಲಿ ಮರಳು, ಕಲ್ಲು ತಳ ಸೇರುತ್ತವೆ. ಮೇಲಿನ ಕೆಂಪು ನೀರನ್ನು ಹಳೆಯ ಪಂಚೆಯಲ್ಲಿ ಸೋಸಿ ಬೇರೆ ಪಾತ್ರೆಗೆ ಬಸಿಯಿರಿ. ಒಂದು ದಿನ ಅಲುಗಾಡಿಸದೆ ಇಟ್ಟರೆ ತಿಳಿನೀರು ಮೇಲೆ, ಮೊಸರಿನಂಥ ನುಣ್ಣನೆಯ ಮಣ್ಣು ಕೆಳಗೆ. ತಿಳಿನೀರು ಚೆಲ್ಲಿ, ಉಳಿದದ್ದನ್ನು ತಟ್ಟೆಯಲ್ಲಿ ಒಣಗಿಸಿದರೆ ಬಿರುಕು ಬಿಟ್ಟ ಹಪ್ಪಳದ ಹಾಗೆ ಏಳುತ್ತದೆ. ಅದನ್ನು ಅರೆದು ಡಬ್ಬದಲ್ಲಿ ಹಾಕಿಡಿ. ಈ ಕೆಲಸವನ್ನು ಬೇಸಿಗೆಯಲ್ಲೇ ಮುಗಿಸಿಕೊಳ್ಳಿ.

ಬಳಸುವಾಗ ಬಣ್ಣವಿಲ್ಲದ ಅಂಟಾದ ಅಕ್ರಿಲಿಕ್ ಮೀಡಿಯಮ್‌ನಲ್ಲಿ ಕಲಸಿ. ಪ್ರಮಾಣವನ್ನು ಚಮಚದಲ್ಲಿ ಹೇಳಿದರೆ ಪ್ರಯೋಜನವಿಲ್ಲ, ಊರೂರಿನ ಮಣ್ಣು ಬೇರೆ. ಒಂದು ಚೂರು ಹಲಗೆಗೆ ಬಳಿದು ಒಣಗಿದ ಮೇಲೆ ಬೆರಳಿನಿಂದ ಉಜ್ಜಿ. ಬೆರಳಿಗೆ ಕೆಂಪು ಹತ್ತಿದರೆ ಅಂಟು ಸಾಲದು. ಮೇಲ್ಮೈ ಪ್ಲಾಸ್ಟಿಕ್ಕಿನಂತೆ ಹೊಳೆದರೆ ಅಂಟು ಹೆಚ್ಚಾಯಿತು. ಇವೆರಡರ ನಡುವೆ ಮಣ್ಣು ಮಣ್ಣಿನಂತೆಯೇ ಮಂಕಾಗಿ ನಿಲ್ಲುವ ಒಂದು ಹದವಿದೆ, ಎರಡು ಮೂರು ಸಲದಲ್ಲಿ ಕೈಗೆ ಸಿಗುತ್ತದೆ. ತೀರ್ಥಹಳ್ಳಿಯ ಮಣ್ಣು, ಸೊರಬದ ಮಣ್ಣು, ನಿಮ್ಮ ತವರಿನ ಮಣ್ಣು ಹೀಗೆ ಬೇರೆ ಬೇರೆ ಡಬ್ಬಗಳ ಮೇಲೆ ಊರಿನ ಹೆಸರು ಬರೆದಿಡಿ.

ಹಸೆ ಚಿತ್ತಾರವನ್ನು ನನ್ನ ಚಿತ್ರದಲ್ಲಿ ಸೇರಿಸಬಹುದೇ?

ಮೊದಲು ಅದು ಯಾರದು ಎಂದು ತಿಳಿದುಕೊಳ್ಳಿ. ಸಾಗರ, ಸೊರಬದ ಕಡೆಯ ದೀವರ ಹೆಣ್ಣುಮಕ್ಕಳು ತಲೆತಲಾಂತರದಿಂದ ಗೋಡೆಯ ಮೇಲೆ ಬರೆದುಕೊಂಡು ಬಂದ ಕಲೆ ಅದು. ಕೆಮ್ಮಣ್ಣು ಸಾರಿಸಿದ ಗೋಡೆ, ಅಕ್ಕಿಯನ್ನು ನೆನೆಸಿ ಅರೆದ ಬಿಳಿ, ಅಕ್ಕಿಯನ್ನೇ ಕರಿದಾಗಿ ಹುರಿದು ಅರೆದ ಕಪ್ಪು, ಗುರಿಗೆ ಕಾಯಿಯ ಹಳದಿ, ಕುಂಚಕ್ಕೆ ಪುಂಡಿನಾರು. ಮದುವೆಯಲ್ಲಿ ಆ ಗೋಡೆಯ ಮುಂದೆ ಹಸೆಯ ಮೇಲೆ ಮದುಮಕ್ಕಳು ಕೂರುತ್ತಾರೆ. ಭೂಮಿ ಹುಣ್ಣಿಮೆಗೆ ಗದ್ದೆಗೆ ಒಯ್ಯುವ ಭೂಮಣ್ಣಿ ಬುಟ್ಟಿಯ ಮೇಲೂ ಇದೇ ಕೈ ಕೆಲಸ ಮಾಡುತ್ತದೆ.

ಮೊಬೈಲಿನಲ್ಲಿ ಸಿಕ್ಕ ಚಿತ್ತಾರವನ್ನು ಪ್ರಿಂಟ್ ತೆಗೆದು ಅಂಟಿಸುವುದು ನನಗೆ ಸರಿ ಕಾಣುವುದಿಲ್ಲ. ಬರೆಯುವವರ ಹತ್ತಿರ ಹೋಗಿ ಕಲಿಯಿರಿ, ಒಂದು ಎಳೆಯನ್ನು ನಡುಗದೆ ಎಳೆಯಲು ಎಷ್ಟು ಕಾಲ ಹಿಡಿಯುತ್ತದೆ ಎಂಬುದು ಆಗ ತಿಳಿಯುತ್ತದೆ. ಅವರಿಂದಲೇ ಒಂದು ತುಂಡು ಬರೆಸಿಕೊಂಡರೆ ದುಡ್ಡು ಕೊಡಿ, ಚಿತ್ರದ ಹಿಂಬದಿಯಲ್ಲಿ ಅವರ ಹೆಸರು ಬರೆಯಿರಿ. ಆ ಕಲೆಯಿಂದ ನಿಸ್ಸಂಕೋಚವಾಗಿ ಕಲಿಯಬಹುದಾದದ್ದು ಬಣ್ಣದ ಮಿತ. ನಾಲ್ಕೇ ಬಣ್ಣ, ನಾಲ್ಕೂ ಮನೆಯ ಸುತ್ತ ಸಿಗುವಂಥವು.

ನನ್ನ ಚಿತ್ರದ ಹಸಿರು ಕ್ಯಾಲೆಂಡರಿನ ಹಸಿರಿನಂತೆ ಕಾಣುತ್ತದೆ. ಏನು ಮಾಡಲಿ?

ಟ್ಯೂಬಿನ ಹಸಿರನ್ನು ಒಂದು ವರ್ಷ ಮುಟ್ಟಬೇಡಿ. ಹಳದಿ ಮಣ್ಣಿನ ಬಣ್ಣಕ್ಕೆ ಚೂರು ಕಪ್ಪು ಬೆರೆಸಿ ನೋಡಿ, ಕಾನಿನ ಒಳಗಿನ ಮಬ್ಬು ಹಸಿರು ಬರುತ್ತದೆ. ಅದಕ್ಕೆ ನಿಂಬೆ ಹಳದಿ ಸೇರಿಸುತ್ತಾ ಹೋದರೆ ಸಸಿಮಡಿಯ ಅಗೆಯ ಬಣ್ಣದವರೆಗೂ ತಲುಪಬಹುದು. ಅಡಿಕೆ ತೋಟದ ನೆರಳಿನ ಹಸಿರಿಗೆ ನೀಲಿಯ ಜೊತೆ ಚಿಟಿಕೆ ಕೆಂಪು ಬೇಕು.

ಇನ್ನೊಂದು ಮಾತು, ಮಲೆನಾಡು ಹನ್ನೆರಡು ತಿಂಗಳೂ ಹಸಿರಲ್ಲ. ಮಾರ್ಚ್ ಹೊತ್ತಿಗೆ ಬ್ಯಾಣದ ಹುಲ್ಲು ಒಣಗಿ ಬಂಗಾರದ ಬಣ್ಣವಾಗಿರುತ್ತದೆ. ಅದೇ ಸಮಯದಲ್ಲಿ ಕಾಡಿನ ಎಷ್ಟೋ ಮರಗಳ ಚಿಗುರು ತಾಮ್ರದ ಕೆಂಪು. ಮಳೆಗಾಲದ ತೋಟದಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆದ ಮೇಲೆ ಅಡಿಕೆ ಗೊನೆ, ಮರದ ಮೈ, ಕೆಳಗಿನ ಕೆಸುವಿನ ಎಲೆ ಎಲ್ಲದರ ಮೇಲೂ ತಿಳಿನೀಲಿ ಚುಕ್ಕೆಗಳು ಒಣಗಿ ನಿಂತಿರುತ್ತವೆ. ಮೈಲುತುತ್ತ, ಸುಣ್ಣ ಸೇರಿ ಆದ ಆ ನೀಲಿಯನ್ನು ನಾನು ಯಾರ ಚಿತ್ರದಲ್ಲೂ ಕಂಡಿಲ್ಲ. ನಮ್ಮ ಬದುಕಿನ ಬಣ್ಣ ಅದು. ದಯವಿಟ್ಟು ಬಣ್ಣ ಕಲಸಿ ಅದನ್ನು ತನ್ನಿ. ಮೈಲುತುತ್ತವನ್ನೇ ಹಚ್ಚಲು ಹೋಗಬೇಡಿ, ಅದು ವಿಷ.

ಮಂಜನ್ನು ಹೇಗೆ ತರುವುದು?

ಯಾವ ಮಂಜು ಎಂದು ಮೊದಲು ನಿರ್ಧರಿಸಿ. ಮಾರ್ಗಶಿರದ ಬೆಳಗ್ಗೆ ಕುಂದಾದ್ರಿಯ ಮೇಲೆ ನಿಂತರೆ ಮಂಜು ಕೆಳಗೆ ಕಣಿವೆಯಲ್ಲಿ ಕೂತಿರುತ್ತದೆ. ಗುಡ್ಡಗಳ ನೆತ್ತಿ ಚೂಪಾಗಿ ಕಾಣುತ್ತದೆ, ಬುಡ ಕರಗಿರುತ್ತದೆ. ಆಷಾಢದಲ್ಲಿ ಇದು ತಲೆಕೆಳಗು. ಮೋಡ ಗುಡ್ಡದ ತಲೆಯ ಮೇಲೆ ಇಳಿದಿರುತ್ತದೆ, ಕೆಳಗಿನ ಗದ್ದೆ, ತೋಟ ಒದ್ದೆಯಾಗಿ ಸ್ಪಷ್ಟವಾಗಿರುತ್ತವೆ, ನೆತ್ತಿ ಮಾಯ. ಒಂದೇ ಚಿತ್ರದಲ್ಲಿ ಎರಡನ್ನೂ ಬೆರೆಸಿದರೆ ನೋಡುವವರಿಗೆ ಕಾರಣ ತಿಳಿಯದಿದ್ದರೂ ಏನೋ ತಪ್ಪಿದೆ ಅನ್ನಿಸುತ್ತದೆ.

ನಾನು ಬಿಳಿ ಟಿಶ್ಯೂ ಕಾಗದ ಬಳಸುತ್ತೇನೆ. ಕತ್ತರಿ ಹಾಕದೆ ಕೈಯಿಂದ ಹರಿಯಬೇಕು, ಹರಿಯುವ ಮುನ್ನ ಒದ್ದೆ ಕುಂಚದಿಂದ ಒಂದು ಗೆರೆ ಎಳೆದರೆ ಅಂಚು ನಾರು ನಾರಾಗಿ ಬಿಡುತ್ತದೆ. ಹಲಗೆಯ ಮೇಲೆ ತೆಳುವಾಗಿ ಮೀಡಿಯಮ್ ಸವರಿ, ಕಾಗದವನ್ನು ಇಳಿಸಿ, ಮೇಲಿನಿಂದಲೂ ಮೀಡಿಯಮ್ ಸವರಿ. ಹಸಿಯಾಗಿರುವಾಗ ಅದು ಪಾರದರ್ಶಕವಾಗಿ, ಏನೂ ಆಗಲಿಲ್ಲವೇನೋ ಎನ್ನುವಂತೆ ಕಾಣುತ್ತದೆ. ಆತುರಪಟ್ಟು ಇನ್ನೊಂದು ಅಂಟಿಸಬೇಡಿ. ಒಣಗುತ್ತಾ ಒಣಗುತ್ತಾ ಹಾಲಿನ ಬಿಳುಪು ತಾನಾಗಿ ಮೇಲೆ ಬರುತ್ತದೆ. ದೂರದ ಗುಡ್ಡಕ್ಕೆ ಮೂರು ಪದರ, ನಡುವಿನದಕ್ಕೆ ಎರಡು, ಹತ್ತಿರದ್ದಕ್ಕೆ ಒಂದು ಅಥವಾ ಏನೂ ಬೇಡ. ಬಿಳಿ ಬಣ್ಣವನ್ನು ನೀರಾಗಿಸಿ ಬಳಿದೂ ಮಂಜು ಮಾಡಬಹುದು. ಕಾಗದದ ಮಂಜಿನಲ್ಲಿ ಇರುವ ನಾರಿನ ಎಳೆ ಅದರಲ್ಲಿ ಸಿಗದು.

ಎಲೆ, ಪಾಚಿ, ತೊಗಟೆ ಅಂಟಿಸಬಹುದೇ?

ಹಸಿಯಾದುದನ್ನು ಯಾವತ್ತೂ ಬೇಡ. ಹಳೆಯ ದಿನಪತ್ರಿಕೆಗಳ ನಡುವೆ ಒತ್ತಿಟ್ಟು, ಕಾಗದ ಬದಲಿಸುತ್ತಾ ಎರಡು ವಾರ ಒಣಗಿಸಿ. ಹಸಿರು ಕಂದಾಗುತ್ತದೆ ಎಂದು ಗೊತ್ತಿರಲಿ. ದರಗೆಲೆ ಈಗಾಗಲೇ ಕಂದಾಗಿರುವುದರಿಂದ ಮೋಸ ಮಾಡುವುದಿಲ್ಲ. ಪಾಚಿಯನ್ನು ಕೀಳುವ ಬದಲು ಅದರ ಅಚ್ಚು ತೆಗೆಯಿರಿ: ತೆಂಗಿನ ನಾರಿನ ಮುದ್ದೆಯನ್ನು ಬಣ್ಣಕ್ಕೆ ಅದ್ದಿ ಒತ್ತಿದರೆ ಪಾಚಿಯೇ ಆಗುತ್ತದೆ.

ದರೆಯಲ್ಲಿ ಬೆಳೆಯುವ ಒಂದು ಜರಿಗಿಡದ ಎಲೆಯ ಹಿಂಬದಿಯಲ್ಲಿ ಬೆಳ್ಳಿಯಂಥ ಬಿಳಿ ಪುಡಿ ಇರುತ್ತದೆ. ಚಿಕ್ಕಂದಿನಲ್ಲಿ ಅದನ್ನು ಕೈಗೆ ಬಡಿದು ಹಚ್ಚೆ ಹಾಕಿಕೊಳ್ಳದವರು ನಮ್ಮ ಕಡೆ ಕಡಿಮೆ. ಕಪ್ಪು ಬಳಿದ ಕಾಗದಕ್ಕೆ ತೆಳುವಾಗಿ ಅಂಟು ಸವರಿ, ಅರೆ ಒಣಗಿದಾಗ ಆ ಎಲೆಯನ್ನು ಒತ್ತಿ ಎತ್ತಿ. ಕುಂಚ ತಗುಲಿಸದೆ ಸ್ಪ್ರೇ ವಾರ್ನಿಷ್‌ನಿಂದಲೇ ಅದನ್ನು ಹಿಡಿದಿಡಬೇಕು.

ಎಲ್ಲಿಂದ ತರುತ್ತೀರಿ ಎಂಬುದೂ ಮುಖ್ಯ. ಕೊಡಚಾದ್ರಿ, ಶರಾವತಿ ಕಣಿವೆಯಂಥ ಕಡೆ ಕಾಡು ವನ್ಯಜೀವಿಧಾಮಕ್ಕೆ ಸೇರಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಲ್ಲಿಂದ ಅನುಮತಿಯಿಲ್ಲದೆ ಏನನ್ನೂ ತರುವಂತಿಲ್ಲ. ನಿಮ್ಮ ಹಿತ್ತಲು, ತೋಟ, ಸೊಪ್ಪಿನ ಬೆಟ್ಟದಲ್ಲಿ ಬಿದ್ದದ್ದು ಸಾಕು. ಸೀತಾಳೆ ದಂಡೆ ಎಂಬ ಆರ್ಕಿಡ್ ಹೂವನ್ನು ಮರದಿಂದ ಕಿತ್ತು ತಂದವರಿಗೆ ನಾನು ಕಲಿಸುವುದಿಲ್ಲ.

ಅಡಿಕೆ ಹಾಳೆ, ಚೊಗರು ಇವುಗಳ ಉಪಯೋಗವೇನು?

ಹಾಳೆಯನ್ನು ಅರ್ಧ ಗಂಟೆ ನೀರಿನಲ್ಲಿ ನೆನೆಸಿ, ಬಟ್ಟೆಯಿಂದ ಒರೆಸಿ, ಒರಳುಕಲ್ಲಿನಂಥ ಭಾರದಡಿ ಚಪ್ಪಟೆಯಾಗಿ ಒಣಗಿಸಿದರೆ ಗುಡ್ಡದ ಸಾಲಿಗೆ ಹೇಳಿ ಮಾಡಿಸಿದ ಸಾಮಗ್ರಿ. ಅದರ ಉದ್ದುದ್ದ ಗೆರೆಗಳೇ ಮಳೆ.

ಅಡಿಕೆ ಬೇಯಿಸಿದ ಕೆಂಪು ನೀರಾದ ಚೊಗರು ಇನ್ನೂ ಬೆಲೆಬಾಳುವುದು. ಕೊಯ್ಲಿನ ಕಾಲದಲ್ಲಿ ಅಡಿಕೆ ಬೇಯಿಸಿದ ಹಂಡೆಯಿಂದ ಒಂದು ಬಾಟಲಿ ಕೇಳಿ ತನ್ನಿ. ಹಾಗೇ ಬಳಿದರೆ ಕೆಂಗಂದು. ತುಕ್ಕು ಹಿಡಿದ ಮೊಳೆಗಳನ್ನು ವಿನೆಗರ್‌ನಲ್ಲಿ ಒಂದು ವಾರ ನೆನೆಸಿಟ್ಟ ನೀರನ್ನು, ಚೊಗರು ಬಳಿದು ಒಣಗಿದ ಜಾಗದ ಮೇಲೆ ಸವರಿ ನೋಡಿ. ಕಣ್ಣೆದುರೇ ಕೆಂಗಂದು ಬೂದಾಗಿ, ಬೂದು ಕಪ್ಪಾಗಿ ತಿರುಗುತ್ತದೆ. ಚೊಗರಿನ ಒಗರಿನ ಅಂಶವಾದ ಟ್ಯಾನಿನ್ ಕಬ್ಬಿಣದೊಂದಿಗೆ ಕೂಡಿ ಆಗುವ ಬದಲಾವಣೆ ಇದು. ಮಧ್ಯಾಹ್ನ ಮೂರು ಗಂಟೆಗೆ ಆಗುಂಬೆಯ ಕಡೆಯಿಂದ ಏರಿ ಬರುವ ಮೋಡದ ಬಣ್ಣ ಇದಕ್ಕಿಂತ ಹತ್ತಿರವಾಗಿ ಯಾವ ಟ್ಯೂಬಿನಲ್ಲೂ ಸಿಕ್ಕಿಲ್ಲ. ಈ ಕಪ್ಪು ಆಮ್ಲೀಯವಾದ್ದರಿಂದ ತೆಳು ಕಾಗದವನ್ನು ವರ್ಷಗಳಲ್ಲಿ ತಿಂದುಬಿಡುತ್ತದೆ. ಹಲಗೆಯ ಮೇಲೆ ಅಥವಾ ದಪ್ಪ ಬಟ್ಟೆಯ ಮೇಲೆ ಮಾತ್ರ ಬಳಸಿ.

ಹಳೆಯ ಪತ್ರ, ಪಹಣಿ, ನಕ್ಷೆ ಅಂಟಿಸುವುದು ಹೇಗೆ?

ಮೂಲವನ್ನು ಮುಟ್ಟಬೇಡಿ, ಝೆರಾಕ್ಸ್ ಮಾಡಿಸಿ. ಕೆಳದಿಯ ವಸ್ತುಸಂಗ್ರಹಾಲಯದಲ್ಲಿ ಓಲೆಗರಿಗಳು ಇಂದಿಗೂ ಓದಲು ಸಿಗುತ್ತಿರುವುದು ಯಾರೋ ಅವನ್ನು ಕತ್ತರಿಸದೆ ಉಳಿಸಿಕೊಟ್ಟಿದ್ದರಿಂದ. ಝೆರಾಕ್ಸ್ ಅಥವಾ ಲೇಸರ್ ಪ್ರಿಂಟ್ ನೀರಿಗೆ ಹರಡುವುದಿಲ್ಲ, ಇಂಕ್‌ಜೆಟ್ ಹರಡುತ್ತದೆ. ಬಸ್ ಟಿಕೆಟ್, ಅಂಗಡಿ ರಸೀದಿಗಳು ಶಾಖಕ್ಕೆ ಮೂಡುವ ಕಾಗದವಾದ್ದರಿಂದ ಅಕ್ಷರ ಅಳಿಸಿಹೋಗುತ್ತದೆ.

ಅಕ್ಷರ ಮಾತ್ರ ಬೇಕು, ಕಾಗದ ಬೇಡ ಎಂದರೆ ಹೀಗೆ ಮಾಡಿ. ಅಕ್ಷರಗಳನ್ನು ಕನ್ನಡಿಯಲ್ಲಿ ಕಾಣುವಂತೆ ತಿರುಗಿಸಿ ಲೇಸರ್ ಪ್ರಿಂಟ್ ತೆಗೆಸಿ. ಹಲಗೆಗೆ ಮೀಡಿಯಮ್ ಬಳಿದು ಪ್ರಿಂಟನ್ನು ಮುಖ ಕೆಳಗಾಗಿ ಅಂಟಿಸಿ, ರಾತ್ರಿ ಒಣಗಲು ಬಿಡಿ. ಬೆಳಗ್ಗೆ ಹಿಂಬದಿ ಒದ್ದೆ ಮಾಡಿ ಬೆರಳಿನಿಂದ ಉಜ್ಜಿದರೆ ಕಾಗದ ಸುರುಳಿ ಸುರುಳಿಯಾಗಿ ಎದ್ದು ಅಕ್ಷರ ಉಳಿಯುತ್ತದೆ. ಶಿವಮೊಗ್ಗದ ಅಡಿಕೆ ಮಂಡಿಯ ಹಳೆಯ ಚೀಟಿಯೊಂದರ "ರಾಶಿ, ಬೆಟ್ಟೆ, ಗೊರಬಲು" ಎಂಬ ಅಡಿಕೆಯ ಬಗೆಗಳ ಮೂರು ಪದ ತೋಟದ ಹಸಿರಿನಡಿ ಮಸುಕಾಗಿ ನಿಂತಿದ್ದನ್ನು ನೋಡಿ ಕಲಿಯಲು ಬಂದ ರೈತರೊಬ್ಬರು ಬಹಳ ಹೊತ್ತು ಏನೂ ಮಾತನಾಡಲಿಲ್ಲ.

ನಕ್ಷೆ ಇಷ್ಟಪಡುವವರಿಗೆ ಒಂದು ಸೂಚನೆ. ಸರ್ವೆ ಆಫ್ ಇಂಡಿಯಾದ 1:50,000 ನಕ್ಷೆಯಲ್ಲಿ ಸಮೋನ್ನತ ರೇಖೆಗಳು (ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಗೆರೆಗಳು) 20 ಮೀಟರಿಗೊಂದು ಇರುತ್ತವೆ, ಐದನೆಯದು ದಪ್ಪ. 1,343 ಮೀಟರ್ ಎತ್ತರದ ಕೊಡಚಾದ್ರಿಯ ದಪ್ಪ ರೇಖೆಗಳನ್ನಷ್ಟೇ 600ರಿಂದ 1,300ರವರೆಗೆ ಎಂಟು ರಟ್ಟುಗಳಲ್ಲಿ ಕತ್ತರಿಸಿ ಒಂದರ ಮೇಲೊಂದು ಅಂಟಿಸಿದರೆ ಗುಡ್ಡ ಕೈಗೆ ತಾಕುವಂತೆ ಏಳುತ್ತದೆ.

ನಮ್ಮ ಅಜ್ಜಿಯ ಊರು ಮುಳುಗಡೆಯಾಗಿದೆ. ಅದನ್ನು ಬಿಡಿಸಬೇಕೆಂದಿದೆ. ಫೋಟೊ ಕೂಡ ಇಲ್ಲ.

ಈ ಪ್ರಶ್ನೆ ಒಬ್ಬರದಲ್ಲ. ಶರಾವತಿಗೆ ಲಿಂಗನಮಕ್ಕಿಯಲ್ಲಿ ಅಣೆಕಟ್ಟು 1964ರಲ್ಲಿ ಪೂರ್ಣಗೊಂಡಾಗ ಊರೂರುಗಳೇ ನೀರಿನಡಿ ಹೋದವು. ಪದರಗಳ ಕೆಲಸಕ್ಕೆ ಇದಕ್ಕಿಂತ ತಕ್ಕ ವಸ್ತು ನನಗೆ ತಿಳಿದಿಲ್ಲ.

ಮನೆಯ ಹಿರಿಯರನ್ನು ಕೂರಿಸಿಕೊಂಡು ಕೇಳಿ. ಮನೆಯ ಮುಖ ಯಾವ ಕಡೆಗಿತ್ತು, ಬಾವಿ ಎಲ್ಲಿತ್ತು, ಕೊಟ್ಟಿಗೆ ಎಷ್ಟು ದೂರ, ಭೂತನ ಬನ ಯಾವ ದಿಕ್ಕಿಗೆ. ಅವರು ಹೇಳಿದಂತೆ ಕೆಮ್ಮಣ್ಣಿನ ಮೇಲೆ ಗಾಢ ಕಪ್ಪಿನಲ್ಲಿ ಇಡೀ ಊರನ್ನು ಗೆರೆಗಳಲ್ಲಿ ಬರೆಯಿರಿ. ಮೇಲಿನಿಂದ ನೋಡಿದಂತೆ ಇದ್ದರೂ ಸರಿ, ಅಳತೆ ತಪ್ಪಿದರೂ ಸರಿ. ಮುಗಿದ ಮೇಲೆ ಮೀಡಿಯಮ್‌ನಿಂದ ಮುಚ್ಚಿ ಎರಡು ದಿನ ಒಣಗಿಸಿ. ಆಮೇಲೆ ಬೂದು ಬೆರೆತ ನೀಲಿಯನ್ನು ಬಹಳ ತೆಳುವಾಗಿ, ಹತ್ತು ಹನ್ನೆರಡು ಸಲ ಬಳಿಯಿರಿ. ಊರು ನಿಧಾನವಾಗಿ ಮುಳುಗುತ್ತದೆ. ಎಲ್ಲವೂ ಮರೆಯಾದ ಮೇಲೆ ನಯವಾದ ಸ್ಯಾಂಡ್‌ಪೇಪರನ್ನು ನೀರಿನಲ್ಲಿ ಅದ್ದಿ ಅಲ್ಲಲ್ಲಿ ಉಜ್ಜಿ. ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಮಡೆನೂರಿನ ಹಳೆಯ ಅಣೆಕಟ್ಟು ಮೇಲೆ ಕಾಣಿಸಿಕೊಳ್ಳುವುದನ್ನು ನೋಡಿದವರಿಗೆ ಎಷ್ಟು ಉಜ್ಜಬೇಕೆಂದು ಹೇಳಿಕೊಡಬೇಕಿಲ್ಲ.

ಸಾಗರದಿಂದ ಬರುತ್ತಿದ್ದ ಒಬ್ಬರು ಬಾವಿಯ ವೃತ್ತವನ್ನು ಮಾತ್ರ ಹೊರತೆಗೆದು ಅಲ್ಲಿಗೇ ನಿಲ್ಲಿಸಿದರು. ಉಳಿದ ಊರು ಇನ್ನೂ ಆ ನೀಲಿಯಡಿ ಇದೆ. ಓರೆ ಬೆಳಕಿಗೆ ಹಿಡಿದರೆ ಗೆರೆಗಳ ಉಬ್ಬು ಕಾಣುತ್ತದೆ.

ಜೋಗವನ್ನು ಬಿಡಿಸಲು ಸಲಹೆ ಕೊಡಿ.

ಬಂಡೆಯನ್ನು ಬಿಡಿಸಿ. 253 ಮೀಟರಿನ ಆ ಬಂಡೆ ಸರಿಯಾಗಿ ಬಂದರೆ ರಾಜ, ರಾಣಿ, ರೋರರ್, ರಾಕೆಟ್ ನಾಲ್ಕಕ್ಕೂ ಜಾಗ ತಾನಾಗಿ ಸಿಗುತ್ತದೆ. ಗಾಢ ಪದರಗಳು ಹಸಿಯಿರುವಾಗಲೇ ಪ್ಯಾಲೆಟ್ ಚಾಕುವಿನಿಂದ ಮೇಲಿನಿಂದ ಕೆಳಕ್ಕೆ ಕೆರೆದು ಅಡಿಯ ಬಿಳಿಯನ್ನು ತೆರೆಯಿರಿ. ಜೋಗಕ್ಕೆ ಮಾತ್ರ ಮಣ್ಣಿನ ಪದರದ ಮೇಲೆ ಒಂದು ಬಿಳಿ ಪದರ ಹೆಚ್ಚುವರಿಯಾಗಿ ಬೇಕು.

ತೈಲವರ್ಣದ ಮೇಲೆ ಅಕ್ರಿಲಿಕ್ ಬಳಿಯಬಹುದೇ?

ಬೇಡ, ಹಿಡಿಯುವುದಿಲ್ಲ. ಅಕ್ರಿಲಿಕ್ ಮೇಲೆ ತೈಲ ಬಳಿಯಬಹುದು.

ಮಕ್ಕಳು ಮಾಡಬಹುದೇ?

ಮೊಳೆ, ವಿನೆಗರ್ ನೀರು, ಸ್ಪ್ರೇ ವಾರ್ನಿಷ್ ಬಿಟ್ಟು ಎಲ್ಲವನ್ನೂ ಮಾಡಬಹುದು. ಮಣ್ಣು ತೊಳೆಯುವ ಕೆಲಸವನ್ನು ಅವರಿಗೇ ಬಿಡಿ, ನಮಗಿಂತ ಶ್ರದ್ಧೆಯಿಂದ ಮಾಡುತ್ತಾರೆ.

ಮಳೆಗಾಲದಲ್ಲಿ ಏನೂ ಒಣಗುವುದಿಲ್ಲ, ಬೂಷ್ಟು ಬರುತ್ತದೆ. ಆ ನಾಲ್ಕು ತಿಂಗಳು ಕೆಲಸ ನಿಲ್ಲಿಸಬೇಕೇ?

ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಆಗುಂಬೆಯ ಪಕ್ಕದಲ್ಲಿದ್ದುಕೊಂಡು ಮಳೆಗಾಲದಲ್ಲಿ ಚಿತ್ರ ಬಿಡಿಸಬೇಡಿ ಎಂದು ಹೇಗೆ ಹೇಳಲಿ? ನೋಡಬೇಕಾದದ್ದೆಲ್ಲ ಇರುವುದೇ ಆಗ. ಕ್ರಮ ಬದಲಿಸಿಕೊಳ್ಳಿ. ಮಣ್ಣು, ಒರಟು, ಗುರುತುಗಳ ಪದರಗಳನ್ನು ಏಪ್ರಿಲ್, ಮೇ ತಿಂಗಳಲ್ಲಿ ಐದಾರು ಹಲಗೆಗಳ ಮೇಲೆ ಮುಗಿಸಿಟ್ಟುಕೊಳ್ಳಿ. ಮಳೆ ಹಿಡಿದ ಮೇಲೆ ಹಸಿರು, ಮಂಜಿನ ತೆಳು ಪದರಗಳಷ್ಟೇ ಉಳಿದಿರುತ್ತವೆ.

ಮೈದಾ, ಗಂಜಿ ಅಂಟುಗಳನ್ನು ಮರೆತುಬಿಡಿ. ಅವು ಬೂಷ್ಟಿಗೂ ಹುಳಕ್ಕೂ ಊಟ. ಮರಗೆಲಸದ ಬಿಳಿ ಗೋಂದು ಒಣಗಿದ ಮೇಲೂ ತೇವಕ್ಕೆ ಮೆತ್ತಗಾಗುತ್ತದೆ, ಅಕ್ರಿಲಿಕ್ ಮೀಡಿಯಮ್ ಹಾಗೆ ಮೆತ್ತಗಾಗುವುದಿಲ್ಲ. ಆದರೆ ಅದನ್ನು ದಪ್ಪವಾಗಿ ಬಳಿದರೆ ಮೇಲೆ ಕೆನೆಗಟ್ಟಿ ಒಳಗೆ ಹಾಲುಬಣ್ಣದಲ್ಲಿ ಹಸಿಯಾಗಿಯೇ ಉಳಿಯುತ್ತದೆ. ಮುಟ್ಟಿದರೆ ಒಣಗಿದಂತೆ ಅನ್ನಿಸುತ್ತದೆ, ನಂಬಬೇಡಿ. ಅಂಗೈಯ ಹಿಂಬದಿಯನ್ನು ಇಟ್ಟು ನೋಡಿ, ತಣ್ಣಗಿದ್ದರೆ ನೀರು ಇನ್ನೂ ಇದೆ. ಒಲೆಯ ಮೇಲಿನ ಅಟ್ಟದಲ್ಲಿ ಇಡುವವರಿದ್ದಾರೆ, ಹೊಗೆಗೆ ಮಂಜಿನ ಬಿಳುಪೆಲ್ಲ ಹಳದಿಯಾಗುತ್ತದೆ. ಫ್ಯಾನಿನಡಿ ಒಂದಿಡೀ ದಿನ ಇಡುವುದೇ ಒಳ್ಳೆಯದು.

ಗಾಜು ಹಾಕಿ ಕಟ್ಟಿಸಬೇಕೇ?

ಕಾಗದ, ಎಲೆ ಹೆಚ್ಚಿದ್ದರೆ ಹಾಕಿಸಿ. ಗಾಜು ಚಿತ್ರಕ್ಕೆ ತಾಗಬಾರದು, ನಡುವೆ ಕನಿಷ್ಠ ಅರ್ಧ ಇಂಚು ಸಂದು ಬಿಡುವಂತೆ ಅಂಚಿಗೆ ಮರದ ಪಟ್ಟಿ ಕೊಡಲು ಹೇಳಿ. ನನ್ನದೊಂದು ದೊಡ್ಡ ಚಿತ್ರವನ್ನು, ಕುಂದಾದ್ರಿಯ ಬೆಳಗನ್ನು, ಗಾಜಿಗೆ ಒತ್ತಿ ಕಟ್ಟಿಸಿ ಪಶ್ಚಿಮದ ಹೊರಗೋಡೆಗೆ ತೂಗುಹಾಕಿದ್ದೆ. ಒಂದೇ ಮಳೆಗಾಲದಲ್ಲಿ ಗಾಜಿನ ಒಳಗೆ ಬೂಷ್ಟು ಹೂವಿನಂತೆ ಅರಳಿತು. ಟಿಶ್ಯೂ ಕಾಗದ ಗಾಜಿಗೆ ಹತ್ತಿಕೊಂಡು, ಬಿಡಿಸಲು ಹೋದಾಗ ಮಂಜಿನ ಪದರ ಪೂರ್ತಿ ಕಿತ್ತುಬಂತು. ಆ ಚಿತ್ರಕ್ಕಾಗಿ ನಾನು ಈಗಲೂ ದುಃಖಪಡುತ್ತೇನೆ.

ಹಾಗಾಗಿ ಮನೆಯ ಒಳಗೋಡೆಯನ್ನೇ ಆರಿಸಿ. ಚೌಕಟ್ಟಿನ ಹಿಂದೆ ಕೆಳಗಿನ ಎರಡು ಮೂಲೆಗೆ ಬಾಟಲಿಯ ಬಿರಟೆಯನ್ನು ಕತ್ತರಿಸಿ ಒಂದೊಂದು ಬಿಲ್ಲೆ ಅಂಟಿಸಿ, ಗೋಡೆಗೂ ಹಲಗೆಗೂ ನಡುವೆ ಗಾಳಿ ಓಡಾಡಲಿ. ಸೆಪ್ಟೆಂಬರ್ ಕಳೆದು ಮೊದಲ ಒಳ್ಳೆಯ ಬಿಸಿಲು ಬಂದ ದಿನ ಕೆಳಗಿಳಿಸಿ ಹಿಂಬದಿಯನ್ನು ಒಣ ಬಟ್ಟೆಯಿಂದ ಒರೆಸಿ, ಗೆದ್ದಲಿನ ಮಣ್ಣಿನ ಗೆರೆ ಬಂದಿದೆಯೇ ನೋಡಿ, ನೆರಳಿನಲ್ಲಿ ಒಂದು ಗಂಟೆ ಗಾಳಿಗಿಟ್ಟು ಮತ್ತೆ ತೂಗುಹಾಕಿ.